ಕಲ್ಲಿನ ವೃತ್ತದೊಳಗೊಂದು ಊರು

ಇಂಗ್ಲೆಂಡಿನಲ್ಲಿರುವ ಮಕ್ಕಳ ಮನೆಗೆ ಹೋದವರೆಲ್ಲ ಸ್ಟೋನ್‌ಹೆಂಜ್ ನೋಡಿ ಬರುತ್ತಾರೆ. ಅಲ್ಲಿ ಟಿಕೆಟ್ಟು ದುಬಾರಿ, ಕಲ್ಲುಗಳನ್ನು ಹಗ್ಗದ ಆಚೆಯಿಂದ ನೋಡಬೇಕು. ಅಲ್ಲಿಂದ ಉತ್ತರಕ್ಕೆ ಸುಮಾರು 30 ಕಿ.ಮೀ. ದೂರದ ಏವ್‌ಬರಿಗೆ ಹೋಗುವವರು ಕಡಿಮೆ. ನನ್ನನ್ನು ಕೇಳಿದರೆ ಮೊದಲು ನೋಡಬೇಕಾದ್ದು ಅದನ್ನೇ.

ಏವ್‌ಬರಿ ಒಂದು ಪುಟ್ಟ ಹಳ್ಳಿ. ಅದರ ಅರ್ಧ ಭಾಗ ಸುಮಾರು 4,500 ವರ್ಷ ಹಳೆಯ ಕಲ್ಲಿನ ವೃತ್ತದ ಒಳಗೇ ಇದೆ! ಸುತ್ತಲಿನ ಮಣ್ಣಿನ ದಿಬ್ಬದ ಮೇಲೆ ಒಂದು ಸುತ್ತು ಬಂದರೆ 1.3 ಕಿ.ಮೀ. ಆಗುತ್ತದೆ. ಅದರ ಒಳಗಿನ ಕಂದಕವನ್ನು 9 ಮೀಟರಿನಷ್ಟು ಆಳ ತೋಡಿದ್ದರು. ಕಬ್ಬಿಣವಿಲ್ಲದ ಕಾಲ, ಮಕ್ಕಳೇ. ತೋಡಿದ್ದು ಜಿಂಕೆಯ ಕೊಂಬಿನಿಂದ. ಇಲ್ಲಿ ಟಿಕೆಟ್ಟಿಲ್ಲ, ಕಲ್ಲನ್ನು ಮುಟ್ಟಬಹುದು, ಪಕ್ಕದಲ್ಲೇ ಕುರಿ ಮೇಯುತ್ತಿರುತ್ತವೆ.

ಹೊರವೃತ್ತದಲ್ಲಿ ಹಿಂದೆ ಸುಮಾರು 100 ಕಲ್ಲುಗಳಿದ್ದವು. 14ನೇ ಶತಮಾನದ ಹೊತ್ತಿಗೆ ಊರವರು ಒಂದೊಂದನ್ನೇ ಕೆಡವಿ ಹೂಳತೊಡಗಿದರು. 18ನೇ ಶತಮಾನದಲ್ಲಿ ಕಲ್ಲಿನ ಕೆಳಗೆ ಬೆಂಕಿ ಹಾಕಿ, ಕಾದ ಮೇಲೆ ತಣ್ಣೀರು ಸುರಿದು, ಸುತ್ತಿಗೆಯಿಂದ ಒಡೆದು ಮನೆ ಕಟ್ಟಿಕೊಂಡರು.

1938ರಲ್ಲಿ ಅಲೆಕ್ಸಾಂಡರ್ ಕೀಲರ್ ಎಂಬುವರು ಹೂತುಹೋಗಿದ್ದ ಒಂದು ಕಲ್ಲನ್ನು ಎತ್ತಿಸಿದಾಗ ಅಡಿಯಲ್ಲಿ ಅಸ್ಥಿಪಂಜರವೊಂದು ಸಿಕ್ಕಿತು. ಜೊತೆಗೆ ಒಂದು ಕತ್ತರಿ, 14ನೇ ಶತಮಾನದ ಕೆಲವು ನಾಣ್ಯಗಳು. ಕ್ಷೌರಿಕನೂ ವೈದ್ಯನೂ ಆಗಿದ್ದವನಿರಬೇಕು, ಉರುಳಿದ ಕಲ್ಲಿನಡಿ ಸಿಕ್ಕಿ ಸತ್ತಿರಬೇಕು ಎಂದುಕೊಂಡರು. ಲಂಡನ್ನಿನ ಮೇಲೆ ಬಿದ್ದ ಯುದ್ಧದ ಬಾಂಬಿಗೆ ಆ ಎಲುಬುಗಳು ನಾಶವಾದವೆಂದೇ ಎಲ್ಲರೂ ತಿಳಿದಿದ್ದರು. 1990ರ ದಶಕದ ಕೊನೆಯಲ್ಲಿ ಅವು ಮತ್ತೆ ಸಿಕ್ಕವು. ಪರೀಕ್ಷಿಸಿದರೆ ಜಜ್ಜಿದ ಗುರುತೇ ಇಲ್ಲ! ಪಾಪ, ಆತ ಹೇಗೆ ಸತ್ತನೋ.

ಈ ಕೀಲರ್ ಕಿತ್ತಳೆ ಮಾರ್ಮಲೇಡ್ ಮಾರಿ ಸಿರಿವಂತರಾದ ಮನೆತನದವರು. ಆ ಹಣದಿಂದ ಹಳ್ಳಿಯ ಬಹುಭಾಗವನ್ನು ಕೊಂಡು, ಬಿದ್ದ ಕಲ್ಲುಗಳನ್ನು ನಿಲ್ಲಿಸಿದರು, ಇಲ್ಲವಾದ ಕಲ್ಲುಗಳ ಜಾಗಕ್ಕೆ ಕಾಂಕ್ರೀಟಿನ ಗುರುತು ಹಾಕಿಸಿದರು. ಆದರೆ ವೃತ್ತ ಚೆನ್ನಾಗಿ ಕಾಣಲೆಂದು ಒಳಗಿನ ಕೆಲವು ಮನೆಗಳನ್ನೂ ಕೆಡವಲಾಯಿತು. ಅಲ್ಲಿದ್ದವರು ಬೇರೆಡೆಗೆ ಹೋಗಬೇಕಾಯಿತು. ಏವ್‌ಬರಿಯೂ ನಮ್ಮ ಹಂಪಿಯೂ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ್ದು ಒಂದೇ ವರ್ಷ, 1986ರಲ್ಲಿ. 2011ರಲ್ಲಿ ಹಂಪಿ ಬಜಾರಿನ ಮನೆ, ಅಂಗಡಿಗಳನ್ನು ಕೆಡವಿದ್ದು ನೆನಪಿದ್ದವರಿಗೆ ಇದು ಹೊಸ ಕಥೆಯಲ್ಲ. ಕಲ್ಲು ಉಳಿಯಬೇಕು ನಿಜ, ಒಲೆ ಹಚ್ಚುತ್ತಿದ್ದ ಮನೆಯ ಲೆಕ್ಕವನ್ನೂ ಯಾರಾದರೂ ಬರೆದಿಡಬೇಕಲ್ಲವೇ?

ಊರಿನಿಂದ ನಡೆದೇ ಹೋಗಬಹುದಾದ ದೂರದಲ್ಲಿ ಸಿಲ್‌ಬರಿ ಗುಡ್ಡವಿದೆ. 30 ಮೀಟರ್ ಎತ್ತರ, ಪೂರ್ತಿ ಮನುಷ್ಯರೇ ಪೇರಿಸಿದ್ದು. ಯಾಕೆ ಪೇರಿಸಿದರೆಂಬುದು ಇಂದಿಗೂ ಯಾರಿಗೂ ಗೊತ್ತಿಲ್ಲ. 1776ರಲ್ಲಿ ನೆತ್ತಿಯಿಂದ ಬುಡದವರೆಗೆ ಬಾವಿಯಂತೆ ಕೊರೆದರು, 1849ರಲ್ಲಿ ಪಕ್ಕದಿಂದ ಸುರಂಗ ತೋಡಿದರು. ನಿಧಿ ಸಿಗಲಿಲ್ಲ. ಆ ಹಳೆಯ ತೂತು 2000ದಲ್ಲಿ ಕುಸಿದು ನೆತ್ತಿಯಲ್ಲಿ ದೊಡ್ಡ ಗುಂಡಿ ಬಿತ್ತು. ಸುಣ್ಣಕಲ್ಲು ತುಂಬಿ ಸರಿಪಡಿಸಬೇಕಾಯಿತು. ಈಗ ಗುಡ್ಡ ಹತ್ತಲು ಬಿಡುವುದಿಲ್ಲ.

ಅದರ ಎದುರಿನ ಏರಿನಲ್ಲಿ ವೆಸ್ಟ್ ಕೆನೆಟ್ ಎಂಬ ಉದ್ದನೆಯ ಸಮಾಧಿ ದಿಬ್ಬವಿದೆ. ಅದು ಕಲ್ಲಿನ ವೃತ್ತಕ್ಕಿಂತಲೂ ಹಳೆಯದು. ಒಳಗಿನ ಕಲ್ಲಿನ ಕೋಣೆಗಳಲ್ಲಿ ಕನಿಷ್ಠ 36 ಜನರ ಎಲುಬುಗಳು ಸಿಕ್ಕಿದ್ದವು, ಹಸುಳೆಗಳಿಂದ ಮುದುಕರವರೆಗೆ. ಒಳಗೆ ಹೋಗಬಹುದು, ದುಡ್ಡು ಕೊಡಬೇಕಿಲ್ಲ. ಕತ್ತಲಿರುತ್ತದೆ, ಒಂದು ಟಾರ್ಚು ಇಟ್ಟುಕೊಳ್ಳಿ.