ಬ್ಯಾಂಜೋ ಮೀಟುವ ಬೆರಳುಗಳು

ಆಫ್ರಿಕದಿಂದ ಗುಲಾಮರಾಗಿ ಅಮೆರಿಕ ಖಂಡಕ್ಕೆ ಒಯ್ಯಲ್ಪಟ್ಟವರು ರೂಪಿಸಿದ ವಾದ್ಯ ಬ್ಯಾಂಜೋ. ಅದರ ಕುದುರೆಯು ಮದ್ದಳೆಯಂತೆ ಬಿಗಿದ ತೆಳುಹೊದಿಕೆಯ ಮೇಲೆ ನಿಂತಿದೆ. ತಂತಿಯ ಕಂಪನಶಕ್ತಿ ಬಹುಬೇಗನೆ ಹೊದಿಕೆಗೆ ಹರಿದುಹೋಗುವುದರಿಂದ ನಾದವು ಗಟ್ಟಿಯಾಗಿ ಹೊಮ್ಮಿ ಒಡನೆಯೇ ಅಡಗುತ್ತದೆ. ನಾದಧಾರೆ ಕಡಿಯದಿರಬೇಕಾದರೆ ಮೀಟುಗಳು ಒಂದರ ಬೆನ್ನಿಗೊಂದು ಬರಬೇಕು. 1945ರಲ್ಲಿ ಬಿಲ್ ಮನ್ರೋ ಅವರ ವೃಂದವನ್ನು ಸೇರಿದ ಅರ್ಲ್ ಸ್ಕ್ರಗ್ಸ್, ಹೆಬ್ಬೆರಳು, ತೋರುಬೆರಳು, ನಡುಬೆರಳುಗಳಿಂದ ಮೀಟುವ ಇಂಥ ವೇಗದ ಶೈಲಿಯನ್ನು ಪ್ರಸಿದ್ಧಿಗೆ ತಂದರು.

ನಿಮಿಷಕ್ಕೆ ತಾಳದ 150 ಬಡಿತಗಳು, ಬಡಿತಕ್ಕೆ ನಾಲ್ಕು ಮೀಟುಗಳು ಎಂದರೆ ಸೆಕೆಂಡಿಗೆ 10 ಮೀಟುಗಳಾದುವು. ಆದರೆ ಶಬ್ದವನ್ನು ಕೇಳಿ ಬೆರಳಾಡಿಸಲು ಮನುಷ್ಯನಿಗೆ ಸುಮಾರು 0.15 ಸೆಕೆಂಡು ಬೇಕು. ತಪ್ಪು ಕಿವಿಗೆ ಬಿದ್ದು ಬೆರಳು ತಿದ್ದಿಕೊಳ್ಳುವಷ್ಟರಲ್ಲಿ ಮುಂದಿನ ಮೀಟು ಮುಗಿದೇಹೋಗಿರುತ್ತದೆ! ಹಾಗಾದರೆ ಬೆರಳುಗಳನ್ನು ಆಳುವುದಾವುದು? ಚಲನೆಗಳ ಸರಣಿಯನ್ನು ಮಿದುಳು ಮೊದಲೇ ಹೊಂದಿಸಿಕೊಂಡಿರಬೇಕೆಂದು ಮನೋವಿಜ್ಞಾನಿ ಕಾರ್ಲ್ ಲ್ಯಾಷ್ಲಿ 1951ರಲ್ಲಿ ವಾದಿಸಿದರು.

ಈ ಸರಣಿ ಮಿದುಳಿನಲ್ಲಿ ನೆಲೆಗೊಳ್ಳುವುದು ಅಭ್ಯಾಸದಿಂದ. ಪದೇ ಪದೇ ಮೀಟಿದ ತಪ್ಪೂ ಸರಿಯಷ್ಟೇ ಭದ್ರವಾಗಿ ಅಲ್ಲಿ ನೆಲೆಸುತ್ತದೆ. ಆದುದರಿಂದ ಕಲಿಯುವವನು ಆತುರಪಡಬಾರದು. ಹೆಬ್ಬೆರಳು, ತೋರುಬೆರಳು, ಹೆಬ್ಬೆರಳು, ನಡುಬೆರಳು ಎಂಬ ಕ್ರಮವನ್ನು ಎರಡಾವೃತ್ತಿ ಮೀಟಿದರೆ ಎಂಟು ಮೀಟುಗಳ ಒಂದು ಸುತ್ತು. ಸೆಕೆಂಡಿಗೆ ಒಂದೇ ಮೀಟಿನಂತೆ ನುಡಿಸಿದರೆ ಪ್ರತಿಯೊಂದನ್ನೂ ಕೇಳಿ ತಿದ್ದಿಕೊಳ್ಳಲು ಬಿಡುವಿರುತ್ತದೆ. ಉಂಗುರಬೆರಳು, ಕಿರುಬೆರಳುಗಳ ತುದಿಯನ್ನು ಹೊದಿಕೆಗೆ ಹಗುರವಾಗಿ ತಾಗಿಸಿಟ್ಟರೆ, ತಂತಿಗಳು ಎಷ್ಟು ದೂರದಲ್ಲಿವೆಯೆಂಬುದು ಕಣ್ಣಿನ ನೆರವಿಲ್ಲದೆ ಕೈಗೇ ತಿಳಿಯುತ್ತದೆ. ಎಂಟು ಮೀಟುಗಳೂ ಸಮವಾಗಿ ಕೇಳಿಬಂದ ಮೇಲೆಯೇ ವೇಗವನ್ನು ತುಸು ತುಸುವಾಗಿ ಏರಿಸತಕ್ಕದ್ದು. ಸಮತೆ ಕೆಟ್ಟೊಡನೆ ಹಿಂದಿನ ವೇಗಕ್ಕೆ ಮರಳತಕ್ಕದ್ದು.