ಆಲೆಮನೆಯ ಗಾಣಕ್ಕೆ ಬೆರಳು ಸಿಕ್ಕಿದರೆ

ಪ್ರಶ್ನೆ: ಶೀಳನೆರೆ ಕಡೆಯ ಆಲೆಮನೆಯಲ್ಲಿ ದಿನಗೂಲಿಯವರ ಬೆರಳು ತುಂಡಾದರೆ ಪರಿಹಾರ ಸಿಗುತ್ತದೆಯೇ?

ಉತ್ತರ: ಸಿಗುತ್ತದೆ. ಕರೆಂಟಿನ ಗಾಣಕ್ಕೆ ಕಬ್ಬು ಕೊಡುವವರಿಗೂ ಈ ಹಕ್ಕಿದೆ. ನೇಮಕಾತಿ ಪತ್ರವಿಲ್ಲವೆಂದು ಹಿಂಜರಿಯಬೇಡಿ. ಮೊದಲು ಆಸ್ಪತ್ರೆ. ಅಲ್ಲಿ ನಡೆದದ್ದನ್ನೇ ಬರೆಸಿ. ಯಾರದೋ ಮಾತು ಕೇಳಿ ‘ಬಿದ್ದು ಪೆಟ್ಟಾಯಿತು’ ಎಂದು ಬರೆಸಿದರೆ ಇಡೀ ಪ್ರಕರಣವೇ ಸಡಿಲವಾಗುತ್ತದೆ. ಮಾಲೀಕರಿಗೆ ಲಿಖಿತವಾಗಿ ತಿಳಿಸಿ, ನಕಲು ಇಟ್ಟುಕೊಳ್ಳಿ.

1923ರ ನೌಕರರ ಪರಿಹಾರ ಕಾಯ್ದೆಯ ಪಟ್ಟಿಯಲ್ಲಿ ಹೆಬ್ಬೆರಳು ಹೋದರೆ ದುಡಿಯುವ ಶಕ್ತಿಯಲ್ಲಿ ಶೇ. 30, ಒಂದೇ ಕೈಯ ನಾಲ್ಕು ಬೆರಳು ಹೋದರೆ ಶೇ. 50 ನಷ್ಟ. ಇದರ ಜೊತೆ ವಯಸ್ಸು, ಕೂಲಿ ಸೇರಿಸಿ ಮೊತ್ತ ನಿಗದಿಯಾಗುತ್ತದೆ. ಈಗ ಈ ಹಕ್ಕು 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ಸೇರಿದೆ. ಅರ್ಜಿಗೆ 2 ವರ್ಷದ ಗಡುವು; ಕೆ.ಆರ್. ಪೇಟೆಯ ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ನೆರವು ಕೇಳಿ. ‘ಇನ್ನೇನೂ ಕೇಳುವುದಿಲ್ಲ’ ಎಂಬ ಕಾಗದಕ್ಕೆ ಮಾತ್ರ ಹೆಬ್ಬೆಟ್ಟು ಒತ್ತಬೇಡಿ. ಒತ್ತಿದ್ದರೂ ಎದೆಗುಂದಬೇಡಿ, ಪರಿಹಾರದ ಹಕ್ಕನ್ನು ಬಿಟ್ಟುಕೊಡುವ ಕರಾರಿಗೆ ಕಾನೂನಿನಲ್ಲಿ ಬೆಲೆಯಿಲ್ಲ.