ಸಂಸ್ಥೆಗಳ ಗುರಿ ಮತ್ತು ಯೋಜನೆ : ದಾಸೋಹ ಪರಂಪರೆಯ ನಿದರ್ಶನ

ವಿದ್ಯಾಸಂಸ್ಥೆಯಾಗಲಿ, ಸಹಕಾರಿ ಸಂಘವಾಗಲಿ, ಧರ್ಮಕ್ಷೇತ್ರವಾಗಲಿ, ಅನೇಕ ಜನರು ಕೂಡಿ ನಡೆಸುವ ಯಾವುದೇ ಕಾರ್ಯಕ್ಕೆ ಎರಡು ಅಂಗಗಳು ಅವಶ್ಯಕ. ಒಂದು, ತಲುಪಬೇಕಾದ ಗುರಿ. ಇನ್ನೊಂದು, ಅಲ್ಲಿಗೆ ಸಾಗುವ ದಾರಿಯ ಯೋಜನೆ. ಈ ಮಾತನ್ನು ಯಾರೂ ಅಲ್ಲಗಳೆಯಲಾರರು. ಆದರೂ ಸದುದ್ದೇಶದಿಂದ ಹುಟ್ಟಿದ ಎಷ್ಟೋ ಸಂಸ್ಥೆಗಳು ಕಾಲಕ್ರಮದಲ್ಲಿ ಸೊರಗುವುದನ್ನು ನಾವು ಕಾಣುತ್ತೇವೆ. ಗೋಡೆಯ ಫಲಕದ ಮೇಲೆ ಗುರಿ ಹೊಳೆಯುತ್ತಿರುತ್ತದೆ. ಠರಾವು ಪುಸ್ತಕವೂ ತುಂಬಿರುತ್ತದೆ. ಕೆಲಸ ಮಾತ್ರ ನಿಂತಲ್ಲೇ ನಿಂತಿರುತ್ತದೆ. ಇದಕ್ಕೆ ಹಣದ ಅಭಾವವೇ ಸದಾ ಕಾರಣವಲ್ಲ, ಜನರ ಆಲಸ್ಯವೂ ಸದಾ ಕಾರಣವಲ್ಲ. ಗುರಿ ಒಂದೇ ಆಗಿದ್ದರೂ ಸಂಸ್ಥೆಯ ಒಂದೊಂದು ಸ್ತರದಲ್ಲಿ ಅದು ಬೇರೊಂದು ರೂಪವನ್ನೂ ಬೇರೊಂದು ಗಡುವನ್ನೂ ತಾಳಬೇಕೆಂಬುದನ್ನು ಮರೆಯುವುದೇ ಬಹುಪಾಲು ಕಾರಣವೆಂದು ನನಗೆ ತೋರುತ್ತದೆ. ಈ ವಿಚಾರವನ್ನು ವಿಶದಪಡಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಮೊದಲು ಶಬ್ದಾರ್ಥವನ್ನು ನೋಡೋಣ. 'ಯೋಜನೆ' ಎಂಬ ಪದ 'ಯುಜ್' ಧಾತುವಿನಿಂದ ಬಂದುದು. ಕೂಡಿಸು, ನೊಗಕ್ಕೆ ಹೂಡು ಎಂದು ಅದರ ಅರ್ಥ. 'ಯೋಜನ' ಎಂದರೆ ದೂರದ ಒಂದು ಅಳತೆಯೂ ಹೌದು. ಒಮ್ಮೆ ಹೂಡಿದ ಎತ್ತುಗಳನ್ನು ಬಿಚ್ಚದೆ ಸಾಗಬಹುದಾದಷ್ಟು ದಾರಿ ಎಂದು ಅದಕ್ಕೆ ವಿವರಣೆ ಕೊಡುವುದುಂಟು. ಯೋಜನೆಯೆಂದರೆ ಕನಸಲ್ಲ, ಬರಿಯ ಆಸೆಯೂ ಅಲ್ಲ. ಇರುವ ಎತ್ತು, ಇರುವ ಗಾಡಿ, ಇರುವ ಹಗಲು ಇವುಗಳಿಂದ ಎಷ್ಟು ದೂರ ಹೋಗಬಹುದೆಂಬ ಲೆಕ್ಕವೆಂದು ಇದರಿಂದ ಸಿದ್ಧವಾಗುತ್ತದೆ. ಇನ್ನು 'ಸಂಕಲ್ಪ'. ಪೂಜಾರಂಭದಲ್ಲಿ ಸಂಕಲ್ಪ ಹೇಳುವ ಕ್ರಮವನ್ನು ಕೇಳಿದವರು ಒಂದು ಸಂಗತಿಯನ್ನು ಗಮನಿಸಿರಬಹುದು. ಅದು ಕಲ್ಪ, ಮನ್ವಂತರ, ಯುಗಗಳಿಂದ ತೊಡಗಿ ಸಂವತ್ಸರ, ಅಯನ, ಋತು, ಮಾಸ, ಪಕ್ಷಗಳ ಮೂಲಕ ಮೆಟ್ಟಿಲು ಮೆಟ್ಟಿಲಾಗಿ ಇಳಿದು, ಕೊನೆಗೆ ಇಂದಿನ ತಿಥಿ ವಾರಗಳಲ್ಲಿ ನಿಲ್ಲುತ್ತದೆ. ಅಪಾರ ಕಾಲವನ್ನು ಇಂದಿನ ದಿನಕ್ಕೆ ತಂದು ಮುಟ್ಟಿಸಿದ ಮೇಲೆಯೇ ಕಾರ್ಯಾರಂಭ. ಯೋಜನಾಶಾಸ್ತ್ರದ ಸಾರ ಈ ಇಳಿತದಲ್ಲಿ ಅಡಗಿದೆಯೆಂದರೆ ತಪ್ಪಾಗದು.

ನಮ್ಮ ಸೀಮೆಯಲ್ಲಿ ಇದಕ್ಕೆ ಹತ್ತಿರದ ನಿದರ್ಶನ ಬೇಕೆಂದರೆ ಕಲಬುರಗಿಯ ಶರಣಬಸವೇಶ್ವರ ದೇವಸ್ಥಾನದತ್ತ ನೋಡಬೇಕು. ಜೇವರ್ಗಿ ತಾಲೂಕಿನ ಅರಳಗುಂಡಗಿಯಲ್ಲಿ ಜನಿಸಿದ ಮಹಾದಾಸೋಹಿ ಶರಣಬಸವೇಶ್ವರರು (೧೭೪೬–೧೮೨೨) ಕಲಬುರಗಿಯಲ್ಲಿ ನೆಲೆನಿಂತು ದಾಸೋಹವನ್ನೇ ಬಾಳಿನ ವ್ರತವನ್ನಾಗಿ ಮಾಡಿಕೊಂಡವರು. ಹೊಲದ ತೆನೆಯನ್ನು ಹಕ್ಕಿಗಳಿಗೂ ಬಿಟ್ಟುಕೊಟ್ಟರೆಂಬ ಐತಿಹ್ಯ ಈ ಭಾಗದ ಮಕ್ಕಳಿಗೂ ಗೊತ್ತು. ಅವರ ಸಮಾಧಿಯೇ ಇಂದಿನ ದೇವಾಲಯದ ಗರ್ಭಗುಡಿ. ಹೋಳಿ ಹುಣ್ಣಿಮೆಯ ಐದನೆಯ ದಿನ ಇಲ್ಲಿ ರಥೋತ್ಸವ ಜರುಗುತ್ತದೆ. ಪರುಷ ಬಟ್ಟಲಿನ ದರ್ಶನಕ್ಕೆ ಸುತ್ತಲಿನ ಸೀಮೆಯ ಜನ ಸಾಗರೋಪಾದಿಯಲ್ಲಿ ಬಂದು ಸೇರುತ್ತಾರೆ.

ದಾಸೋಹದ ಗುರಿಯನ್ನು ಒಂದೇ ವಾಕ್ಯದಲ್ಲಿ ಹೇಳಬಹುದು: ಬಂದವರು ಯಾರೂ ಹಸಿದು ಹೋಗಬಾರದು. ಈ ವಾಕ್ಯದಲ್ಲಿ ಸಂಖ್ಯೆಯಿಲ್ಲ, ದಿನಾಂಕವಿಲ್ಲ. ಇರಲೂ ಬಾರದು. ಬರುವ ತಿಥಿ ಗೊತ್ತಿಲ್ಲದವನೇ 'ಅತಿಥಿ' ಎಂಬುದು ಸಾಂಪ್ರದಾಯಿಕ ವ್ಯುತ್ಪತ್ತಿ. ಇಂದು ನೂರು ಜನ ಬಂದಾರು, ನಾಳೆ ಸಾವಿರ ಬಂದಾರು. ನೂರು ಜನಕ್ಕೆ ಊಟವೆಂದು ಗುರಿಯನ್ನೇ ಗೊತ್ತುಪಡಿಸಿದರೆ ನೂರೊಂದನೆಯವನು ಹಸಿದು ಹೋಗುತ್ತಾನೆ. ಆಗ ಅದು ದಾಸೋಹವೆನಿಸದು. ಪರಮಗುರಿಗೆ ಎಣಿಕೆಯೂ ಗಡುವೂ ಇಲ್ಲದಿರುವುದು ಅದರ ದೋಷವಲ್ಲ, ಅದರ ಘನತೆ.

ಆದರೆ ಅತಿಥಿಗೆ ದಿನ ಗೊತ್ತಿಲ್ಲವೆಂದು ಅಡುಗೆಯವನಿಗೂ ದಿನ ಗೊತ್ತಿಲ್ಲದಿದ್ದರೆ ಒಲೆ ಹೊತ್ತುವುದು ಹೇಗೆ? ಮೇಲೆ ಗಡುವಿಲ್ಲದ ಕಾರಣದಿಂದಲೇ ಕೆಳಗೆ ಪ್ರತಿಯೊಂದಕ್ಕೂ ಗಡುವು ಬೇಕಾಗುತ್ತದೆ. ನಮ್ಮ ಕಪ್ಪುಮಣ್ಣಿನ ಸೀಮೆಯಲ್ಲಿ ದಾಸೋಹ ನಡೆಸುವ ಯಾವುದೇ ಮನೆಯ ಕಾಲಗಣನೆಯನ್ನು ನೋಡಿರಿ. ಮುಂಗಾರಿನಲ್ಲಿ ಬಿತ್ತಿದ ತೊಗರಿ ಪುಷ್ಯ ಮಾಸದ ಸುಮಾರಿಗೆ ಕಣಕ್ಕೆ ಬರುತ್ತದೆ. ಮಳೆಗಾಲದ ಕೊನೆಗೆ ಬಿತ್ತಿದ ಹಿಂಗಾರಿ ಜೋಳ ಶಿವರಾತ್ರಿಯ ಆಸುಪಾಸಿನಲ್ಲಿ ರಾಶಿಯಾಗುತ್ತದೆ. ವರ್ಷದ ಕಾಳನ್ನು ಭಕ್ತರಿಂದ ಕೂಡಿಹಾಕುವ ಕಾಲ ಇದೇ. ಸುಗ್ಗಿ ಮುಗಿದು ತಿಂಗಳುಗಳಾದ ಮೇಲೆ ರೈತನ ಮನೆಗೆ ಹೋದರೆ ಕೊಡುವ ಮನಸ್ಸಿದ್ದರೂ ಕೊಡಲು ಕಾಳಿರುವುದಿಲ್ಲ. ಇದು ವರ್ಷದ ಯೋಜನೆ. ಜಾತ್ರೆ ಬರುವುದು ಸುಗ್ಗಿಯ ಬೆನ್ನಿಗೆ. ನೀರು, ಸೌದೆ, ಪಾತ್ರೆ, ಬಡಿಸುವ ಕೈ ಇವುಗಳನ್ನು ವಾರಗಳ ಮೊದಲೇ ಹೊಂದಿಸಬೇಕು. ಇದು ಋತುವಿನ ಯೋಜನೆ. ಇಂದು ಎಷ್ಟು ಎಸರಿಡಬೇಕು, ಎರಡನೆಯ ಪಂಕ್ತಿ ಏಳುವ ಮೊದಲು ಮತ್ತೆ ಎಷ್ಟು ರೊಟ್ಟಿ ತಟ್ಟಬೇಕು ಎಂಬುದು ದಿನದ ಯೋಜನೆ. ಕೆಲವೊಮ್ಮೆ ಗಳಿಗೆಯ ಯೋಜನೆ. ಯಾರೂ ಹಸಿದು ಹೋಗಬಾರದೆಂಬ ಒಂದೇ ಮಾತು ಉಗ್ರಾಣದಲ್ಲಿ ಚೀಲಗಳ ಲೆಕ್ಕವಾಗಿ, ಒಲೆಯ ಮುಂದೆ ಎಸರಿನ ಅಳತೆಯಾಗಿ, ಪಂಕ್ತಿಯಲ್ಲಿ ಬಡಿಸುವವನ ಕಣ್ಣಾಗಿ ಇಳಿದು ಬರುತ್ತದೆ.

ಪಾಶ್ಚಾತ್ಯ ಆಡಳಿತಶಾಸ್ತ್ರಜ್ಞರೂ ತಮ್ಮ ದಾರಿಯಲ್ಲಿ ನಡೆದು ಇಂಥದೇ ನಿಲುವಿಗೆ ಬಂದಿದ್ದಾರೆ. ಪೀಟರ್ ಡ್ರಕರ್ ೧೯೫೪ರಲ್ಲಿ ಪ್ರಕಟಿಸಿದ ತಮ್ಮ ಗ್ರಂಥದಲ್ಲಿ, ಸಂಸ್ಥೆಯ ಪ್ರತಿಯೊಬ್ಬ ಅಧಿಕಾರಿಯೂ ಒಟ್ಟು ಗುರಿಗೆ ಹೊಂದುವಂತಹ ತನ್ನ ಪಾಲಿನ ಗುರಿಯನ್ನು ತಾನೇ ರೂಪಿಸಿಕೊಳ್ಳಬೇಕೆಂದು ಪ್ರತಿಪಾದಿಸಿದರು. ಹಾರ್ವರ್ಡಿನ ರಾಬರ್ಟ್ ಆಂತೊನಿ ೧೯೬೫ರಲ್ಲಿ ಯೋಜನೆ ಮತ್ತು ನಿಯಂತ್ರಣಗಳನ್ನು ಮೂರು ಸ್ತರಗಳಾಗಿ ವಿಂಗಡಿಸಿದರು: ಸಂಸ್ಥೆಯ ಧ್ಯೇಯವನ್ನೂ ಅದಕ್ಕೆ ಬೇಕಾದ ಸಾಧನಗಳನ್ನೂ ನಿರ್ಧರಿಸುವ ಮೇಲಿನ ಸ್ತರ, ಆ ಸಾಧನಗಳನ್ನು ಒದಗಿಸಿ ಸರಿಯಾಗಿ ಬಳಸುವ ನಡುವಣ ಸ್ತರ, ಗೊತ್ತಾದ ಕೆಲಸವನ್ನು ಗೊತ್ತಾದ ರೀತಿಯಲ್ಲಿ ಮಾಡಿ ಮುಗಿಸುವ ಕೆಳಗಿನ ಸ್ತರ. ಪೀಠ, ಉಗ್ರಾಣ, ಒಲೆ ಎಂದು ನಾವು ಇವನ್ನು ಹೆಸರಿಸಿಕೊಂಡರೆ ನೆನಪಿಡಲು ಸುಲಭ.

ಪೀಠದ ಸ್ತರದಲ್ಲಿ ಮಾಡಬೇಕಾದ ಕೆಲಸವೆಂದರೆ ಗುರಿಯನ್ನು ಬದಲಿಸದೆ ಅದಕ್ಕೆ ಕಾಲಾನುಗುಣವಾದ ರೂಪವನ್ನು ಕೊಡುವುದು. ಶರಣಬಸವೇಶ್ವರ ಸಂಸ್ಥಾನದ ಏಳನೆಯ ಪೀಠಾಧಿಪತಿಗಳಾದ ಪೂಜ್ಯ ದೊಡ್ಡಪ್ಪ ಅಪ್ಪ ಅವರು ೧೯೩೪ರಲ್ಲಿ ಹೆಣ್ಣುಮಕ್ಕಳಿಗಾಗಿ ಶಾಲೆಯನ್ನು ತೆರೆದರು. ಆಗ ಕಲಬುರಗಿ ನಿಜಾಮರ ಆಳಿಕೆಯಲ್ಲಿದ್ದಿತು. ರಾಜ್ಯದ ಆಡಳಿತಭಾಷೆ ಉರ್ದು. ಹೆಣ್ಣುಮಗು ಶಾಲೆಯ ಹೊಸ್ತಿಲು ತುಳಿಯುವುದೇ ಅಪರೂಪ. ಅನ್ನದ ಹಸಿವಿನ ಜೊತೆಗೆ ಅಕ್ಷರದ ಹಸಿವೂ ಒಂದಿದೆಯೆಂದು ಗುರುತಿಸಿದುದೇ ಅಂದಿನ ದೊಡ್ಡ ನಿರ್ಧಾರ. ಎಂಟನೆಯ ಪೀಠಾಧಿಪತಿಗಳಾದ ಡಾ. ಶರಣಬಸಪ್ಪ ಅಪ್ಪ ಅವರು ೧೯೮೩ರಿಂದ, ೨೦೨೫ರ ಆಗಸ್ಟ್ ೧೪ರಂದು ಲಿಂಗೈಕ್ಯರಾಗುವವರೆಗೆ, ಅದೇ ದಾರಿಯನ್ನು ಮುಂದುವರಿಸಿದರು. ೨೦೧೭ರಲ್ಲಿ ಶರಣಬಸವ ವಿಶ್ವವಿದ್ಯಾಲಯ ಆರಂಭವಾಯಿತು. ಒಂದು ಶಾಲೆಯಿಂದ ವಿಶ್ವವಿದ್ಯಾಲಯದವರೆಗಿನ ಅಂತರ ಎಂಬತ್ತಮೂರು ವರ್ಷ. ಪೀಠದ ಯೋಜನೆಗೆ ತಲೆಮಾರುಗಳೇ ಅಳತೆಗೋಲೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಇಷ್ಟು ತಿಳಿದ ಮೇಲೆ ಯೋಜನೆಗಳು ಕೆಡುವ ಬಗೆಯನ್ನೂ ತಿಳಿಯಬೇಕು. ಮುಖ್ಯವಾಗಿ ಮೂರು ದೋಷಗಳನ್ನು ಎಣಿಸಬಹುದು.

ಮೊದಲನೆಯದು, ಮೇಲಿನ ವಾಕ್ಯವನ್ನು ರೂಪಾಂತರಿಸದೆ ಹಾಗೆಯೇ ಕೆಳಗೆ ರವಾನಿಸುವುದು. ಗುಣಮಟ್ಟದ ಶಿಕ್ಷಣ ನೀಡತಕ್ಕದ್ದು ಎಂದು ಆಡಳಿತ ಮಂಡಳಿ ಠರಾವು ಮಾಡುತ್ತದೆ. ಮುಖ್ಯೋಪಾಧ್ಯಾಯರು ಅದೇ ಮಾತನ್ನು ಸುತ್ತೋಲೆಯಲ್ಲಿ ಬರೆಯುತ್ತಾರೆ. ಶಿಕ್ಷಕರು ಓದಿ ಸಹಿ ಹಾಕುತ್ತಾರೆ. ಮೂರು ಸ್ತರಗಳಲ್ಲಿಯೂ ಒಂದೇ ವಾಕ್ಯ. ಆದುದರಿಂದ ಮೂರು ಸ್ತರಗಳಲ್ಲಿಯೂ ಯಾರಿಗೂ ಕೆಲಸವಿಲ್ಲ.

ಎರಡನೆಯದು, ಅಳತೆಯೇ ಗುರಿಯನ್ನು ನುಂಗುವುದು. ೨೦೨೩ರಲ್ಲಿ ರಾಜ್ಯದ ಎಸ್.ಎಸ್.ಎಲ್.ಸಿ. ಫಲಿತಾಂಶ ಶೇಕಡಾ ೮೩.೮೯ ಇದ್ದಿತು. ೨೦೨೪ರಲ್ಲಿ ಪರೀಕ್ಷಾ ಕೊಠಡಿಗಳಿಗೆ ಕ್ಯಾಮರಾದ ಕಣ್ಗಾವಲು ಬಂದಿತು. ಕೃಪಾಂಕಗಳನ್ನು ಹೆಚ್ಚಿಸಿದರೂ ಫಲಿತಾಂಶ ಶೇಕಡಾ ೭೩.೪೦ಕ್ಕೆ ಇಳಿಯಿತು. ಕಲಿಕೆ ಒಂದೇ ವರ್ಷದಲ್ಲಿ ಹಾಗೆ ಕುಸಿಯುವುದಿಲ್ಲ. ಶೇಕಡಾವಾರು ಎಂಬ ಅಳತೆಯನ್ನು ಕಲಿಕೆಯೆಂಬ ಗುರಿಯ ಸ್ಥಾನದಲ್ಲಿ ಕೂರಿಸಿದ್ದೆವೆಂಬುದನ್ನು ಆ ಕಣ್ಣು ತೋರಿಸಿಕೊಟ್ಟಿತು. ೨೦೨೫ರ ಮೊದಲನೆಯ ಪರೀಕ್ಷೆಯಲ್ಲಿ ದಕ್ಷಿಣ ಕನ್ನಡ ಜಿಲ್ಲೆ ಶೇಕಡಾ ೯೧.೧೨ರೊಂದಿಗೆ ಮೊದಲ ಸ್ಥಾನದಲ್ಲಿದ್ದರೆ, ನಮ್ಮ ಕಲಬುರಗಿ ಜಿಲ್ಲೆ ಶೇಕಡಾ ೪೨.೪೩ರೊಂದಿಗೆ ಕೊನೆಯ ಸ್ಥಾನದಲ್ಲಿ ನಿಂತಿತು. ದಾಸೋಹದ ನೆಲದಲ್ಲಿ ನೂರು ಮಕ್ಕಳು ಪಂಕ್ತಿಯಲ್ಲಿ ಕುಳಿತಾಗ ಐವತ್ತಕ್ಕಿಂತ ಹೆಚ್ಚು ಮಕ್ಕಳು ಹಸಿದು ಎದ್ದಂತಾಯಿತಲ್ಲವೇ? ನಾಚಿಕೆಪಟ್ಟು ಸುಮ್ಮನಾಗುವುದಕ್ಕಲ್ಲ, ಯೋಜನೆಯ ಯಾವ ಮೆಟ್ಟಿಲು ಮುರಿದಿದೆಯೆಂದು ಹುಡುಕುವುದಕ್ಕೆ ಈ ಅಂಕೆಯನ್ನು ಇಲ್ಲಿ ಬರೆದಿದ್ದೇನೆ.

ಮೂರನೆಯದು, ಕೆಳಗಿನ ಸುದ್ದಿ ಮೇಲಕ್ಕೆ ಏರದಿರುವುದು. ಬೇಳೆ ಸಾಲದೆಂಬುದು ಮೊದಲು ಗೊತ್ತಾಗುವುದು ಸೌಟು ಹಿಡಿದವನಿಗೆ. ಅವನ ಮಾತು ಉಗ್ರಾಣಕ್ಕೆ, ಉಗ್ರಾಣದ ಮಾತು ಪೀಠಕ್ಕೆ ಮುಟ್ಟದಿದ್ದರೆ ಎಷ್ಟು ಉದಾತ್ತವಾದ ಸಂಕಲ್ಪವೂ ಕುರುಡಾಗುತ್ತದೆ. ಡಾ. ಡಿ. ಎಂ. ನಂಜುಂಡಪ್ಪ ಸಮಿತಿಯ ೨೦೦೨ರ ವರದಿಯ ಮಹತ್ವ ಇಲ್ಲಿಯೇ ಇದೆ. ಹೈದರಾಬಾದ್ ಕರ್ನಾಟಕ ಹಿಂದುಳಿದಿದೆಯೆಂಬ ಮಾತು ಅದಕ್ಕೂ ಮೊದಲಿನಿಂದ ಕೇಳಿಬರುತ್ತಿದ್ದಿತು. ಆದರೆ ಆ ಸಮಿತಿ ತಾಲೂಕನ್ನು ಘಟಕವಾಗಿ ಹಿಡಿದು ಅಳೆಯಿತು. ಅಂದಿನ ೧೭೫ ತಾಲೂಕುಗಳಲ್ಲಿ ೧೧೪ ಹಿಂದುಳಿದವೆಂದೂ, ಅವುಗಳಲ್ಲಿ ೩೯ ಅತ್ಯಂತ ಹಿಂದುಳಿದವೆಂದೂ, ಆ ೩೯ರಲ್ಲಿ ೨೧ ಗುಲಬರ್ಗಾ ವಿಭಾಗದವೆಂದೂ ಗುರುತಿಸಿತು. ಪ್ರದೇಶದ ಗೋಳು ತಾಲೂಕಿನ ಲೆಕ್ಕವಾದಾಗ ಅದಕ್ಕೆ ಬಾಯಿ ಬಂದಿತು. ಮುಂದೆ ಸಂವಿಧಾನದ ೩೭೧(ಜೆ) ವಿಧಿಯ ಮೂಲಕ ಈ ಭಾಗಕ್ಕೆ ವಿಶೇಷ ಸ್ಥಾನಮಾನ ದೊರೆಯಿತು. ತಾಲೂಕಿನಿಂದ ಶಾಲೆಗೆ, ಶಾಲೆಯಿಂದ ತರಗತಿಗೆ, ತರಗತಿಯಿಂದ ಒಂದೊಂದು ಮಗುವಿಗೆ ಆ ಲೆಕ್ಕವನ್ನು ಇಳಿಸುವ ಹೊಣೆ ಇನ್ನು ನಮ್ಮಂಥ ಸಂಸ್ಥೆಗಳದು.

ಅದನ್ನು ಆಚರಣೆಗೆ ತರುವ ಬಗೆ ಹೇಗೆ? ನಮ್ಮ ಶಾಲೆಗೆ ಅನ್ವಯಿಸಿ ನೋಡೋಣ. ಅಕ್ಷರದ ಹಸಿವಿನಿಂದ ಯಾವ ಮಗುವೂ ಹಿಂದಿರುಗಬಾರದು ಎಂಬುದು ಗುರಿಯಾಗಿರಲಿ. ಅದಕ್ಕೆ ಶೇಕಡಾವಾರು ಬೇಡ, ಗಡುವೂ ಬೇಡ. ಆಡಳಿತ ಮಂಡಳಿ ಅದನ್ನು ಐದು ವರ್ಷಗಳ ಮಾತಿಗೆ ಇಳಿಸಲಿ: ಯಾವ ವಿಷಯಕ್ಕೆ ಯಾವ ವರ್ಷ ಶಿಕ್ಷಕರು ನಿವೃತ್ತರಾಗುತ್ತಾರೆ, ಅವರ ಸ್ಥಾನಕ್ಕೆ ಯಾರು, ಹಳ್ಳಿಯಿಂದ ಬರುವ ಹೆಣ್ಣುಮಕ್ಕಳ ವಸತಿಗೆ ಏನು ವ್ಯವಸ್ಥೆ. ಮುಖ್ಯೋಪಾಧ್ಯಾಯರು ಅದನ್ನು ವರ್ಷದ ಮಾತಿಗೆ ಇಳಿಸಲಿ: ಸುಗ್ಗಿಯಲ್ಲಿ ಮಕ್ಕಳ ಹಾಜರಿ ಇಳಿಯುತ್ತದೆಂಬುದು ತಿಳಿದಿರುವಾಗ ಕಠಿಣ ಪಾಠಗಳನ್ನು ಆ ಕಾಲಕ್ಕೆ ಇಡದಿರುವುದು, ದಸರೆಯ ರಜೆಗೆ ಮೊದಲೇ ಹಿಂದುಳಿದವರನ್ನು ಗುರುತಿಸುವುದು. ತರಗತಿಯ ಶಿಕ್ಷಕರು ಅದನ್ನು ವಾರದ ಮಾತಿಗೆ ಇಳಿಸಲಿ: ಈ ಐದು ಮಕ್ಕಳಿಗೆ ಒತ್ತಕ್ಷರ ತೊಡಕಾಗುತ್ತಿದೆ, ಆ ಮೂವರಿಗೆ ಭಾಗಾಕಾರ ಬರುತ್ತಿಲ್ಲ, ಶನಿವಾರದೊಳಗೆ ಇದನ್ನು ತಿದ್ದಬೇಕು. ಕೇಳುವುದಕ್ಕೆ ಕೊನೆಯದು ಅತಿ ಸಣ್ಣ ಮಾತು. ಆದರೆ ಇಡೀ ಯೋಜನೆ ನೆಲ ಮುಟ್ಟುವುದು ಅಲ್ಲಿ ಮಾತ್ರ. ಈ ಶಿಕ್ಷಕರ ಪಟ್ಟಿ ತಿಂಗಳಿಗೊಮ್ಮೆ ಮುಖ್ಯೋಪಾಧ್ಯಾಯರಿಗೂ, ಮೂರು ತಿಂಗಳಿಗೊಮ್ಮೆ ಮಂಡಳಿಗೂ ತಲುಪಲಿ. ಪಟ್ಟಿ ಉದ್ದವಾಗಿದೆಯೆಂದು ಶಿಕ್ಷಕರನ್ನು ಗದರಿಸಬಾರದು. ಗದರಿಸಿದರೆ ಮುಂದಿನ ಸಲ ಪಟ್ಟಿ ಚಿಕ್ಕದಾಗುತ್ತದೆ, ಮಕ್ಕಳ ತೊಡಕು ಚಿಕ್ಕದಾಗುವುದಿಲ್ಲ.

ದಾನಿಗಳಲ್ಲಿಯೂ ಹಳೆಯ ವಿದ್ಯಾರ್ಥಿಗಳಲ್ಲಿಯೂ ವಿನಯಪೂರ್ವಕ ಬಿನ್ನಹವೊಂದುಂಟು. ಕಟ್ಟಡಕ್ಕೆ ಕೊಡುವ ದಾನ ಕಣ್ಣಿಗೆ ಕಾಣುತ್ತದೆ. ಕಲ್ಲಿನಲ್ಲಿ ಹೆಸರೂ ಉಳಿಯುತ್ತದೆ. ಅದು ಬೇಕು. ಆದರೆ ದಾಸೋಹದ ಮನೆಯಲ್ಲಿ ಪಾತ್ರೆ ಕೊಟ್ಟವರಷ್ಟೇ ಕಾಳು ಕೊಟ್ಟವರೂ ಮುಖ್ಯರು. ಕಾಳು ಪ್ರತಿ ವರ್ಷವೂ ಬೇಕು, ಉಂಡ ಮೇಲೆ ಅದರ ಗುರುತೂ ಉಳಿಯದು. ಸಂಜೆಯ ಪಾಠಕ್ಕೆ ನಿಲ್ಲುವ ಶಿಕ್ಷಕರ ಸಂಭಾವನೆ, ಹಳ್ಳಿಗೆ ಹಿಂದಿರುಗುವ ಹುಡುಗಿಯ ಬಸ್ಸಿನ ಪಾಸು, ವಾಚನಾಲಯದ ಪುಸ್ತಕಗಳು ಇವೆಲ್ಲ ಕಾಳಿನ ಜಾತಿಯವು. ಇಂಥ ನೆರವನ್ನು ಶಾಲೆಯ ವರ್ಷಾರಂಭಕ್ಕೆ ಮೊದಲೇ ಗೊತ್ತುಪಡಿಸಿದರೆ ಮುಖ್ಯೋಪಾಧ್ಯಾಯರು ಅದನ್ನು ನಂಬಿ ಯೋಜನೆ ಹಾಕಬಲ್ಲರು. ವರ್ಷದ ನಡುವೆ ಅನಿರೀಕ್ಷಿತವಾಗಿ ಬಂದ ದೊಡ್ಡ ಮೊತ್ತಕ್ಕಿಂತ, ಜೂನ್ ತಿಂಗಳಿಗೆ ಖಚಿತವಾಗಿ ಬರುವ ಸಣ್ಣ ಮೊತ್ತದಿಂದ ಆಗುವ ಕೆಲಸ ಹೆಚ್ಚು.

ಶರಣರ ದಾಸೋಹ ಎರಡು ಶತಮಾನಗಳನ್ನು ದಾಟಿ ಬಂದಿರುವುದು ಸಂಕಲ್ಪಬಲದಿಂದ ಹೇಗೋ ಹಾಗೆಯೇ, ಹೆಸರು ಉಳಿಯದ ಅಸಂಖ್ಯ ಕೈಗಳು ಹೊತ್ತಿಗೆ ಸರಿಯಾಗಿ ಎಸರಿಟ್ಟುದರಿಂದ. ಈ ಸಂಚಿಕೆ ಕೈಸೇರುವ ಹೊತ್ತಿಗೆ ನಮ್ಮ ಶಾಲೆಯ ಪ್ರತಿಯೊಂದು ತರಗತಿಯಲ್ಲಿಯೂ ಅಂಥ ಒಂದು ಪಟ್ಟಿ ಸಿದ್ಧವಾಗಿದ್ದರೆ, ಮಂಡಳಿಯ ಮುಂದಿನ ಸಭೆ ಅದನ್ನು ಕೈಗೆತ್ತಿಕೊಂಡು ಓದಿದರೆ, ಈ ಬರಹದ ಪ್ರಯೋಜನ ಈಡೇರಿದಂತೆ.